ಏಳು ಇಪ್ಪತ್ತಕ್ಕೆ ಹೊರಟ ಚೀಲ

ಸ್ಪಷ್ಟವಾಗಿ ಬರೆಯಲು ಬಾರದವರ ಮೇಲೆ ನನಗಿರುವುದು ಕೋಪವಲ್ಲ, ತಾತ್ಸಾರ. ಕೋಪವಾಗಿದ್ದರೆ ಸಂಜೆಯೊಳಗೆ ಇಳಿಯುತ್ತಿತ್ತು. ಬೆಂಗಳೂರಿನ ಪತ್ರಿಕೆಯೊಂದರ ಡೆಸ್ಕ್‌ನಲ್ಲಿ ವರ್ಷಗಟ್ಟಲೆ ಕೂತು ಬೇರೆಯವರ ವಾಕ್ಯ ತಿದ್ದಿದ್ದರಿಂದ ಅಂಟಿಕೊಂಡ ಕಾಯಿಲೆ ಇದು. ಹೆಂಡತಿಯ ಕೆಲಸದ ಹಿಂದೆ ಲಾಸ್ ಏಂಜಲೀಸ್ ಪಕ್ಕದ ಟೊರೆನ್ಸ್‌ಗೆ ಬಂದ ಮೇಲೆ ತಿದ್ದಲು ಏನೂ ಸಿಗದೆ ಶಾಂಪೂ ಬಾಟಲಿಯ ಹಿಂಬದಿ, ಲೈಬ್ರರಿಯ ನೋಟಿಸು, ಮಗಳ ಸ್ಕೂಲಿನ ಸುತ್ತೋಲೆ ಎಂದು ಕೈಗೆ ಬಂದಿದ್ದನ್ನೆಲ್ಲ ತಿದ್ದುತ್ತಿದ್ದೆ. ಆದರೆ ಲಾಸ್ ಏಂಜಲೀಸ್‌ನಿಂದ ಸ್ಯಾನ್ ಡಿಯಾಗೋಗೆ ಹೋಗುವ ರೈಲಿನ ಆಫ್-ಪೀಕ್ ಟಿಕೆಟ್‌ನ ಷರತ್ತುಗಳ ಮುಂದೆ ಅವೆಲ್ಲ ಏನೂ ಅಲ್ಲ.

ಆಫ್-ಪೀಕ್ ಅಂದರೆ ಗದ್ದಲವಿಲ್ಲದ ಹೊತ್ತು. ಆಗ ಹೋದರೆ ಟಿಕೆಟ್ ಅಗ್ಗ. ಇಷ್ಟು ಹೇಳಲು ಒಂದು ವಾಕ್ಯ ಸಾಕು. ರೈಲಿನವರು ಹದಿಮೂರು ಬರೆದಿದ್ದರು. ಪ್ರಯಾಣ ಒಂಬತ್ತೂವರೆಯ ನಂತರ ಆರಂಭವಾಗಬೇಕು ಎನ್ನುತ್ತದೆ ಮೊದಲನೆಯದು. ಮಧ್ಯಾಹ್ನ ಮೂರರೊಳಗೆ ಮುಗಿಯಬೇಕು ಎನ್ನುತ್ತದೆ ಮೂರನೆಯದು. ಮೂರರೊಳಗೆ ಆರಂಭವಾದರೆ ಸಾಕು, ಮುಗಿಯಬೇಕಿಲ್ಲ ಎನ್ನುತ್ತದೆ ಐದನೆಯದು. ಏಳನೆಯದರ ತಲೆಯ ಮೇಲೊಂದು ನಕ್ಷತ್ರವಿದೆ. ಆ ನಕ್ಷತ್ರಕ್ಕೆ ಇಡೀ ಪುಟದಲ್ಲಿ ಅಡಿಟಿಪ್ಪಣಿ ಇಲ್ಲ. ಇದನ್ನು ಬರೆದವನು ನನ್ನ ಡೆಸ್ಕ್‌ನಲ್ಲಿದ್ದಿದ್ದರೆ ಅವನ ಕೈಗೆ ನಾನು ಹವಾಮಾನ ವರದಿಯನ್ನೂ ಕೊಡುತ್ತಿರಲಿಲ್ಲ.

ಈ ಟಿಕೆಟ್ ಕೊಳ್ಳಬೇಕಾಗಿ ಬಂದದ್ದು ನಾದಿನಿ ವಿದ್ಯಾಳಿಂದ. ಸ್ಯಾನ್ ಡಿಯಾಗೋ ಬಳಿಯ ಲಾ ಹೋಯಾದಲ್ಲಿ ಸಮುದ್ರದ ಬಗ್ಗೆ ಸಂಶೋಧನೆ ಮಾಡುತ್ತಿದ್ದವಳು ಆಗಸ್ಟ್‌ನ ಒಂದು ಸೋಮವಾರ, ಮಧ್ಯಾಹ್ನ ಒಂದೂವರೆಗೆ, ತನ್ನ ಆರು ವರ್ಷದ ಪಿಎಚ್.ಡಿ. ಕೆಲಸವನ್ನು ಪ್ರೊಫೆಸರುಗಳ ಮುಂದೆ ನಿಂತು ಸಮರ್ಥಿಸಿಕೊಳ್ಳಬೇಕಿತ್ತು. ಅದನ್ನು ಕಣ್ಣಾರೆ ನೋಡಲೆಂದೇ ಅತ್ತೆ ಮೈಸೂರಿನಿಂದ ಬಂದಿದ್ದರು. ಹೆಂಡತಿಗೆ ರಜೆ ಸಿಗಲಿಲ್ಲ, ಕಾರು ಅವಳಿಗೇ ಬೇಕಿತ್ತು. ನಮ್ಮಿಬ್ಬರನ್ನು ಸ್ಟೇಷನ್ನಿಗೆ ಬಿಟ್ಟು ಆಫೀಸಿಗೆ ಹೋಗುವುದಷ್ಟೇ ಅವಳಿಂದ ಸಾಧ್ಯ. "ಅಮ್ಮನ್ನ ಒಂದೂವರೆ ಒಳಗೆ ಅಲ್ಲಿ ಕೂರಿಸಬೇಕು. ಬೇರೆ ಏನೂ ಕೇಳಲ್ಲ ನಿಮ್ಮನ್ನ," ಎಂದಳು. ಹದಿಮೂರೂ ಷರತ್ತು ಓದಿದ್ದೇನೆ ಎಂದೆ. ಹತ್ತು ಗಂಟೆ ಐದು ನಿಮಿಷದ ರೈಲು ಹಿಡಿಯುವುದೆಂದು ತೀರ್ಮಾನವಾಯಿತು.

ಆದರೆ ಅದಕ್ಕೆ ಮನೆಯನ್ನು ಎಂಟೂವರೆಗೆ ಬಿಡಬೇಕು, ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ. ರಾಹುಕಾಲದಲ್ಲಿ ನನಗೆ ನಂಬಿಕೆ ಇಲ್ಲ. ಆದರೂ ಸಂಪಾದಕನ ಕಣ್ಣಿನಿಂದ ನೋಡಿದರೆ ಮೆಚ್ಚಲೇಬೇಕು. ವಾರಕ್ಕೆ ಏಳು ಹೊತ್ತು, ಗೋಡೆಯ ಕ್ಯಾಲೆಂಡರಿನಲ್ಲಿ ಒಂದೇ ಸಾಲು, ನಕ್ಷತ್ರವೂ ಇಲ್ಲ, ಷರತ್ತೂ ಇಲ್ಲ. ಅತ್ತೆ ಚರ್ಚೆಗೆ ನಿಲ್ಲಲಿಲ್ಲ. ಏಳು ಇಪ್ಪತ್ತಕ್ಕೆ ಕೊಬ್ಬರಿ ಮಿಠಾಯಿಯ ಡಬ್ಬಿ ಇದ್ದ ಬಟ್ಟೆಯ ಚೀಲವನ್ನು ತಂದು ಪಕ್ಕದ ಮನೆಯವರ ಮೆಟ್ಟಿಲ ಮೇಲಿಟ್ಟು, ಕೈ ಮುಗಿದು ಒಳಗೆ ಬಂದರು. "ಪ್ರಸ್ಥಾನ ಇಟ್ಟಾಯ್ತು. ಪ್ರಯಾಣ ಶುರುವಾದ ಹಾಗೇ. ಇನ್ನು ನೀವು ಯಾವಾಗ ಬೇಕಾದ್ರೂ ಹೊರಡಿ," ಎಂದು ಕಾಫಿಗೆ ಕೂತರು. ಒಳ್ಳೆಯ ಹೊತ್ತಿನಲ್ಲಿ ಸಾಮಾನು ಹೊರಟರೆ ಮನುಷ್ಯರೂ ಹೊರಟಂತೆ ಲೆಕ್ಕ.

ರೈಲು ಹೊರಟು ಹತ್ತು ನಿಮಿಷಕ್ಕೆ ಕಂಡಕ್ಟರ್ ಬಂದ. ಬಿಳಿ ಮೀಸೆಯ, ಮಾತುಗಾರ ಮನುಷ್ಯ. ಆ ರೈಲು ಬೆಳಿಗ್ಗೆಯೇ ಉತ್ತರದ ಕರಾವಳಿಯಿಂದ ಹೊರಟು ಬಂದದ್ದು. ಅತ್ತೆಯ ಸೀರೆ ನೋಡಿ ಖುಷಿಯಾಗಿ, ಇವತ್ತು ಎಷ್ಟು ಹೊತ್ತಿಗೆ ಪ್ರಯಾಣ ಶುರು ಮಾಡಿದಿರಿ ಅಮ್ಮಾ ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಸೆವೆನ್ ಟ್ವೆಂಟಿ," ಎಂದರು ಅತ್ತೆ. ಅವರು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವರು, ಸುಳ್ಳು ಹೇಳುವವರಲ್ಲ.

ಅವನ ನಗು ನಿಂತಿತು. ಟಿಕೆಟ್ ನೋಡಿದ. ಇದು ಒಂಬತ್ತೂವರೆ ಮೇಲೆ ಶುರುವಾಗುವ ಪ್ರಯಾಣಕ್ಕೆ ಮಾತ್ರ ಎಂದ. ನಾವು ಉತ್ತರದಲ್ಲೇ ಹತ್ತಿದವರೆಂದು ಅವನ ಅನುಮಾನ. ನಾನು ಚೀಲದ ವಿಷಯ ವಿವರಿಸಿದೆ. ಅವನು ಗಮನವಿಟ್ಟು ಕೇಳಿದ. "ಅಂದರೆ ಚೀಲ ಪೀಕ್‌ನಲ್ಲಿ ಹೊರಟಿತು, ನೀವು ಆಫ್-ಪೀಕ್‌ನಲ್ಲಿ. ಚೀಲಕ್ಕೆ ಟಿಕೆಟ್ ಬೇಕಿಲ್ಲ ಬಿಡಿ," ಎಂದು ನಕ್ಕು ಮುಂದಿನ ಸೀಟಿಗೆ ತಿರುಗಿದ.

ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ಅವನನ್ನು ಕರೆದು, ತಪ್ಪು ನಮ್ಮ ಅತ್ತೆಯದಲ್ಲ, ಪ್ರಯಾಣದ ಆರಂಭ ಅಂದರೆ ಏನೆಂದು ನಿಮ್ಮವರು ಎಲ್ಲೂ ಬರೆದಿಲ್ಲ ಎಂದೆ. ಫೋನಿನಲ್ಲಿ ಷರತ್ತುಗಳನ್ನು ತೆಗೆದು ಮೂರನೆಯದಕ್ಕೂ ಐದನೆಯದಕ್ಕೂ ಇರುವ ಜಗಳ ತೋರಿಸಿದೆ. ಅಡಿಟಿಪ್ಪಣಿ ಇಲ್ಲದ ನಕ್ಷತ್ರವನ್ನು ಬೆರಳಿಟ್ಟು ತೋರಿಸಿದೆ. ಅವನಿಗೂ ಆಸಕ್ತಿ ಹುಟ್ಟಿತು. ಕನ್ನಡಕ ಹಾಕಿಕೊಂಡು, ಇದನ್ನು ಪೂರ್ತಿ ಓದಿದ್ದು ಇವತ್ತೇ ಎನ್ನುತ್ತಾ ಹನ್ನೆರಡನೆಯದಕ್ಕೆ ಬಂದು ನಿಂತ.

"ದಾರಿಯಲ್ಲಿ ವಿಶೇಷ ಕಾರ್ಯಕ್ರಮ ಇರುವ ದಿನ ಈ ಟಿಕೆಟ್ ನಡೆಯುವುದಿಲ್ಲ ಅಂತಿದೆ ಸರ್. ಇವತ್ತು ಕುದುರೆ ರೇಸ್ ಇದೆ."

ಆ ಸಾಲನ್ನು ನಾನೂ ಓದಿದ್ದೆ. ವ್ಯಾಕರಣ ಸರಿ ಇತ್ತು ಎಂದು ಮುಂದೆ ಹೋಗಿದ್ದೆ.

ಈಗಷ್ಟೇ ನೀವು ಬಿಡಿ ಅಂದಿರಲ್ಲ ಎಂದೆ. "ಆಗ ಓದಿರಲಿಲ್ಲ. ಓದಿದ ಮೇಲೆ ಓದಿಲ್ಲ ಅನ್ನೋಕೆ ಆಗಲ್ಲ ಸರ್," ಎಂದ. ರೈಲಿನೊಳಗೆ ಟಿಕೆಟ್ ಮಾರುವಂತಿಲ್ಲ; ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಮೆಷಿನ್‌ನಲ್ಲಿ ಬೇರೆ ಟಿಕೆಟ್ ಕೊಳ್ಳಬೇಕು. ಅದರ ಮುಂದಿನ ರೈಲು ಎರಡು ಗಂಟೆ ಬಿಟ್ಟು. ಒಂದೂವರೆ ಅಲ್ಲಿಗೆ ಮುಗಿಯಿತು.

ಅತ್ತೆ ನಮ್ಮಿಬ್ಬರ ಮುಖ ನೋಡಿದರು. "ಏನಂತೆ?"

"ಇಳೀಬೇಕಂತೆ ಅತ್ತೆ."

"ನಾನು ಇಳಿಯಲ್ಲ," ಎಂದರು, ಕ್ಲಾಸಿನಲ್ಲಿ ಹೇಳುವ ದನಿಯಲ್ಲಿ. "ಆ ಹುಡುಗಿ ಆರು ವರ್ಷದಿಂದ ಇದಕ್ಕೋಸ್ಕರ ಓದಿದಾಳೆ. ಇನ್ನೂ ಒಂದು ನಿಯಮ ಉಳಿದಿದೆಯಲ್ಲ, ಅದನ್ನ ಓದೋಕೆ ಹೇಳಿ ಅವನಿಗೆ."

ಕಂಡಕ್ಟರ್ ಹದಿಮೂರನೆಯದನ್ನು ಗಟ್ಟಿಯಾಗಿ ಓದಿದ: ಅರವತ್ತೈದು ದಾಟಿದವರಿಗೆ ಮೇಲಿನ ಯಾವ ಷರತ್ತೂ ಅನ್ವಯಿಸುವುದಿಲ್ಲ. ಅತ್ತೆಗೆ ಎಪ್ಪತ್ತೊಂದು. ನನಗೆ ನಲವತ್ತಾರು.

ಈ ದೇಶದಲ್ಲಿ ಹಾಲು ತರಲೂ ಒಂಟಿಯಾಗಿ ಹೋಗದ ಅತ್ತೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದರು. ನಾನು ಇಳಿದೆ. ಆಚೆ ಸ್ಟೇಷನ್ನಿನಲ್ಲಿ ವಿದ್ಯಾಳ ಜೊತೆ ಓದುವ ಹುಬ್ಬಳ್ಳಿಯ ಹುಡುಗಿ ಕಾರು ತಂದು ಕಾಯುತ್ತಿದ್ದಳು. ಒಂದೂವರೆಗೆ ಇನ್ನೂ ಹತ್ತು ನಿಮಿಷ ಇರುವಾಗ ಅತ್ತೆ ಮೊದಲ ಸಾಲಿನಲ್ಲಿ ಕೂತಿದ್ದರಂತೆ. ನಾನು ಲಾ ಹೋಯಾ ತಲುಪುವಷ್ಟರಲ್ಲಿ ವಿದ್ಯಾ ಡಾಕ್ಟರ್ ಆಗಿದ್ದಳು. ಮಿಠಾಯಿ ಮುಗಿದು, ಫೋಟೋ ತೆಗೆಸಿಕೊಂಡು, ಪ್ರೊಫೆಸರುಗಳು ಹೊರಟುಹೋಗಿದ್ದರು.

ಆ ಫೋಟೋ ಈಗ ನಮ್ಮ ಮನೆಯ ಗೋಡೆಯ ಮೇಲೂ ಇದೆ, ಮೈಸೂರಿನಲ್ಲೂ ಇದೆ. ನೋಡಿದವರು, ಅಳಿಯಂದ್ರು ಎಲ್ಲಿ ಎಂದು ಕೇಳುತ್ತಾರೆ. "ಅವರು ಷರತ್ತು ಓದ್ತಾ ಇದ್ರು," ಎನ್ನುತ್ತಾರೆ ಅತ್ತೆ. ಹತ್ತಾರು ಬಾರಿ ಕೇಳಿಸಿಕೊಂಡಿದ್ದೇನೆ. ಆ ವಾಕ್ಯದಲ್ಲಿ ತಿದ್ದಲು ಏನೂ ಸಿಕ್ಕಿಲ್ಲ.