ತಲೆಗಿಂತ ಚಿಕ್ಕ ವಯಸ್ಸಿನ ಪಾದಗಳು

ನಮ್ಮ ಚಿಕ್ಕಪ್ಪನ ಪಾದಗಳು ಅವರ ತಲೆಗಿಂತ ವಯಸ್ಸಿನಲ್ಲಿ ಚಿಕ್ಕವು! ಇದು ನನ್ನ ಮಾತಲ್ಲ, ಅವರದೇ. ಕೋಲಾರದಲ್ಲಿ ಮೇಷ್ಟರಾಗಿದ್ದ ಅವರು, ಎರಡನೆಯ ಮಹಾಯುದ್ಧ ಶುರುವಾಗುವ ಮುಂಚೆ, ಒಮ್ಮೆ ಬೆಂಗಳೂರಿಗೆ ಹೋಗಿ ಯಾರೋ ವಿದ್ವಾಂಸರ ಭಾಷಣ ಕೇಳಿ ಬಂದರು. ಭೂಮಿಯ ಸೆಳೆತ ಹೆಚ್ಚಿರುವ ಕಡೆ ಕಾಲ ನಿಧಾನವಾಗಿ ಸಾಗುತ್ತದೆ, ಎತ್ತರಕ್ಕೆ ಹೋದಷ್ಟೂ ಬೇಗ ಓಡುತ್ತದೆ ಎಂಬುದು ಅದರ ಸಾರ. ವ್ಯತ್ಯಾಸ ಯಾರ ಗಮನಕ್ಕೂ ಬಾರದಷ್ಟು ಸಣ್ಣದು ಎಂದೂ ಆ ವಿದ್ವಾಂಸರು ಹೇಳಿದ್ದರಂತೆ. ರೈಲು ಮಾಲೂರು ದಾಟುವಷ್ಟರಲ್ಲಿ ಚಿಕ್ಕಪ್ಪ ಅದೊಂದನ್ನು ಮಾತ್ರ ಮರೆತುಬಿಟ್ಟಿದ್ದರು!

ನನಗೆ ಆಗಷ್ಟೇ ಕೋಲಾರದಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತ್ತು. ಅವರ ಮನೆಯಲ್ಲೇ ಊಟ, ವಾಸ. ತೆಲುಗು ಮಾತಿನ ರಾಯಲ್ಪಾಡಿನ ತವರಿಗೆ ಹೋಗಿದ್ದ ಚಿಕ್ಕಮ್ಮ ತಿರುಗಿ ಬಂದಾಗ ಅವರ ಮದುವೆಯ ಮಂಚಕ್ಕೆ ಕಾಲುಗಳೇ ಇರಲಿಲ್ಲ.

“ಇದೇಮಿ ಖರ್ಮಮೋ! ಕಾಲೆಲ್ಲಿ ರೀ?”

“ಗರಗಸದಲ್ಲಿ ಕುಯ್ದೆ. ಎತ್ತರದಲ್ಲಿ ಮಲಗಿದ್ರೆ ಬೇಗ ಮುದುಕಿ ಆಗ್ತೀಯ ಕಣೇ.”

“ನಿಮ್ಮನ್ನ ಕಟ್ಕೊಂಡ ದಿನವೇ ಆಗಿಹೋದೆ!”

ಇಂಥ ಮಾತೆಲ್ಲ ಅವರ ಕಿವಿಗೆ ಬೀಳಬೇಕಲ್ಲ? ಶಾಲೆಯಿಂದ ಬಂದರೆ ಪಡಸಾಲೆಯ ತಣ್ಣನೆ ನೆಲದ ಮೇಲೆ ಕಣ್ಣು ಅರೆಮುಚ್ಚಿ ಮಲಗುತ್ತಿದ್ದರು. ಹಂಚಿನ ಸಂದಿಯಿಂದ ಇಳಿದ ಬಿಸಿಲಲ್ಲಿ ಧೂಳಿನ ಕಣಗಳು ತೇಲುತ್ತಿದ್ದವು. “ನೋಡೋ, ಎಷ್ಟು ಮೆಲ್ಲಗೆ ಹೋಗ್ತಿದೆ ಕಾಲ, ತುಂಬಿದ ಕೆರೆ ನೀರಿನ ಹಾಗೆ” ಎನ್ನುವರು. ನಾನೂ ಪಕ್ಕದಲ್ಲಿ ಒರಗುತ್ತಿದ್ದೆ. ನಿಜ ಹೇಳುತ್ತೇನೆ, ಕಾಲ ಮೆಲ್ಲಗೇ ಹೋಗುತ್ತಿತ್ತು! ಮೇಷ್ಟರಿಕೆ ಬಿಟ್ಟು ಚಿನ್ನದ ಗಣಿಗೆ ಸೇರಿಬಿಡಬೇಕು ಎಂಬುದು ಅವರ ದೊಡ್ಡ ಕನಸು. ಚಿನ್ನಕ್ಕಲ್ಲ ಸ್ವಾಮಿ, ಆಳಕ್ಕೆ!

ಒಂದು ಭಾನುವಾರ ಪರೀಕ್ಷೆಯೂ ನಡೆಯಿತು. ಗಡಿಯಾರ ರಿಪೇರಿ ಮಾಡುವ ಸಾಹೇಬರಿಂದ ಒಂದೇ ಥರದ ಎರಡು ಗಡಿಯಾರ ಬೇಡಿ ತಂದು, ಒಂದನ್ನು ನನ್ನ ಕೈಗಿತ್ತು, ಊರ ಪಕ್ಕದ ಬೆಟ್ಟ ತೋರಿಸಿದರು.

“ನೀವು ಬರಲ್ವಾ ಚಿಕ್ಕಪ್ಪ?”

“ನಿನಗೆ ಆಯುಸ್ಸು ಬೇಕಾದಷ್ಟಿದೆ. ನೀನು ಹತ್ತೋ!”

ಹತ್ತಿದೆ. ಮೇಲೆ ತಂಪು ಗಾಳಿ. ಕೆಳಗೆ ಊರು ಯಾರೋ ಮರೆತು ಹೋದ ಆಟಿಕೆಯಂತೆ ಹರಡಿತ್ತು. ಬಂಡೆಯ ನೆರಳಲ್ಲಿ ನಿದ್ದೆ ಹೋದೆ. ಸಂಜೆ ಇಳಿದು ಸಾಹೇಬರ ಅಂಗಡಿಗೆ ಬಂದಾಗ ನನ್ನ ಗಡಿಯಾರದ ಮುಳ್ಳುಗಳು ಅಲುಗುತ್ತಿರಲಿಲ್ಲ.

ಅಲ್ಲೇ ಕಾಯುತ್ತಿದ್ದ ಚಿಕ್ಕಪ್ಪ ಬಗ್ಗಿ ನೋಡಿದರು. “ಓಡೋದಿರ್ಲಿ, ಬೆಟ್ಟದ ಮೇಲೆ ಕಾಲವೇ ನಿಂತುಬಿಟ್ಟಿದೆ!”

ಸಾಹೇಬರು ಗಡಿಯಾರವನ್ನು ಕಿವಿಗೆ ಹಿಡಿದರು. “ಅರೆ ಮಾಷ್ಟರ್ ಸಾಬ್, ಇದಕ್ಕೆ ಚಾವಿ ಯಾರು ಕೊಡ್ಬೇಕಿತ್ತು?”

ಮರುವರ್ಷ ಬೇಸಗೆಯಲ್ಲಿ ಚಿಕ್ಕಮ್ಮನಿಗೆ ವಿಷಮಶೀತ ಜ್ವರ ಬಂತು. ಮೂರನೆಯ ವಾರವೂ ಇಳಿಯಲಿಲ್ಲ. ಡಾಕ್ಟರು ನನ್ನನ್ನು ಹೊರಗೆ ಕರೆದು ಭುಜ ತಟ್ಟಿ ಹೋದರು. ಒಳಗೆ ಬಂದರೆ ಚಿಕ್ಕಪ್ಪ ಕಾಣಲಿಲ್ಲ. ಹುಡುಕಿದರೆ, ಮೆಟ್ಟಿಲು ಕಂಡರೆ ಹೆದರುತ್ತಿದ್ದ ಮನುಷ್ಯ, ಉರಿಯುವ ಬಿಸಿಲಲ್ಲಿ ಅಡಿಗೆಮನೆಯ ತಾರಸಿಯ ಮೇಲೆ ಕೂತಿದ್ದಾರೆ!

“ಇದೇನು ಚಿಕ್ಕಪ್ಪ?”

“ಅವಳು ಕೆಳಗಿರ್ಲಿ. ಅವಳ ಕಾಲ ನಿಧಾನಕ್ಕೆ ಹೋಗುತ್ತೆ. ನಂದು ಇಲ್ಲಿ ಬೇಗ ಬೇಗ ಮುಗಿದುಹೋಗ್ಲಿ.” ಮುಖ ತಿರುಗಿಸಿಕೊಂಡರು. “ಅವಳು ಹೋದ್ಮೇಲೆ ಮಿಕ್ಕಿದ್ದನ್ನ ಏನು ಮಾಡ್ಲೋ ನಾನು?”

ನನಗೆ ನಗು ಬರಲಿಲ್ಲ. ಇಳಿದು ಹೋಗಿ ಚಿಕ್ಕಮ್ಮನಿಗೆ ಹೇಳಿದೆ. ಅವರು ಒಣಗಿದ ತುಟಿಯಲ್ಲೇ ನಕ್ಕರು.

“ಇಳಿದು ಬರೋಕೆ ಹೇಳಪ್ಪಾ. ಜಾಸ್ತಿಯೋ ಕಡಿಮೆಯೋ, ಇರೋ ಹೊತ್ತು ಅವರು ನನ್ನ ಪಕ್ಕದಲ್ಲಿರ್ಲಿ.”

ಹೇಳಿದೆ. ಚಿಕ್ಕಪ್ಪ ಒಂದೊಂದೇ ಮೆಟ್ಟಿಲು ತಡವರಿಸುತ್ತಾ ಇಳಿದು ಬಂದು, ಆಕೆಯ ಹಾಸಿಗೆಯ ಪಕ್ಕ ನೆಲಕ್ಕೆ ಕೂತು ಕೈ ಹಿಡಿದುಕೊಂಡರು. ಜ್ವರ ಬಿಡಲು ಇನ್ನೂ ಎಷ್ಟೋ ದಿನ ಬೇಕಾಯಿತು. ಅಲ್ಲಿಯವರೆಗೂ ಅವರು ಆ ಕೈ ಬಿಡಲಿಲ್ಲ. ಗಂಟೆ ಎಷ್ಟಾಯಿತೆಂದು ಒಮ್ಮೆಯೂ ಕೇಳಲಿಲ್ಲ.