ಅಲೈನರಿಗೆ ಸೊರಬದ ಕೊಕ್ಕೆ

ನಲವತ್ತೇಳನೆಯ ವಯಸ್ಸಿನಲ್ಲಿ ಹಲ್ಲು ನೇರ ಮಾಡಿಸಿಕೊಳ್ಳಲು ಹೊರಟ ಹೆಂಗಸನ್ನು ಜನ ಒಂದು ಥರ ನೋಡುತ್ತಾರೆ. ‘ಈಗ ಯಾರಿಗೆ ತೋರಿಸಬೇಕಾಗಿದೆ?’ ಎಂದು ಬಾಯಿಬಿಟ್ಟು ಕೇಳುವುದಿಲ್ಲ; ಕೇಳದೆ ನಗುತ್ತಾರೆ, ಅದೂ ತಮ್ಮ ನೆಟ್ಟಗಿನ ಹಲ್ಲು ಪೂರಾ ಕಾಣುವ ಹಾಗೆ. ಅದಕ್ಕೇ ನಾನು ಎಲ್ಲರಿಗೂ “ವಸಡಲ್ಲಿ ರಕ್ತ ಬರ್ತಿತ್ತು, ಡಾಕ್ಟರೇ ಹೇಳಿದ್ರು” ಎಂದು ಕಾರಣ ಕೊಡುತ್ತಿದ್ದೆ. ಸುಳ್ಳೇನಲ್ಲ. ನನ್ನ ಮುಂದಿನ ಹಲ್ಲುಗಳು ಒಂದರ ಹೆಗಲ ಮೇಲೊಂದು ಕೈಹಾಕಿಕೊಂಡು ನಿಂತಿದ್ದವು, ಸಂದಿಗೆ ಬ್ರಷ್ಷೇ ಹೋಗುತ್ತಿರಲಿಲ್ಲ. ಆದರೆ ಇಪ್ಪತ್ತು ವರ್ಷ ಶಾಲೆಯ ಗ್ರೂಪ್ ಫೋಟೋಗಳಲ್ಲಿ ತುಟಿ ಬಿಗಿದು ನಿಂತವಳಿಗೆ ಒಂದು ಸಲವಾದರೂ ಹಲ್ಲು ಬಿಟ್ಟು ನಗುವ ಆಸೆ ಇತ್ತೆಂಬುದನ್ನು ನಿಮ್ಮ ಹತ್ತಿರ ಮುಚ್ಚಿಡುವುದೇಕೆ?

ನಾನು ಶಿಕಾರಿಪುರದ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರು. ನನ್ನ ಹಲ್ಲು ನೋಡಿದ ಡಾಕ್ಟರು ಅಶ್ವಿನಿ, ನನ್ನ ಹಳೆಯ ವಿದ್ಯಾರ್ಥಿನಿಯೇ. ಒಂಬತ್ತನೆಯ ತರಗತಿಯಲ್ಲಿ ‘ಶಂಕರ’ ಎನ್ನಲು ಹೋಗಿ ‘ಸಂಕರ’ ಎನ್ನುತ್ತಿದ್ದ ಹುಡುಗಿ. ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿ ಶ, ಷ, ಸ ಮೂರನ್ನೂ ನೂರು ಸಲ ಹೇಳಿಸಿದ್ದೆ. ಈಗ ಅವಳು ನನ್ನನ್ನು ಕುರ್ಚಿಯಲ್ಲಿ ಮಲಗಿಸಿ, ಹಲ್ಲಿನ ಮೇಲೆ ಹಲ್ಲಿನದೇ ಬಣ್ಣದ, ಅಕ್ಕಿಕಾಳಿನಷ್ಟು ಉಬ್ಬಿದ ಸಣ್ಣ ಗುಬ್ಬಿಗಳನ್ನು ಅಂಟಿಸಿ, ಅವುಗಳ ಮೇಲೆ ಗಾಜಿನಂಥ ಪ್ಲಾಸ್ಟಿಕ್ ಕವಚವನ್ನು ಒತ್ತಿ ಕೂರಿಸಿದಳು. ಅದಕ್ಕೇ ಅಲೈನರ್ ಎನ್ನುತ್ತಾರೆ. ಮೇಲಕ್ಕೊಂದು ಕೆಳಕ್ಕೊಂದು; ಹಲ್ಲು ಸರಿದ ಹಾಗೆ ಹದಿನೈದು ದಿನಕ್ಕೊಮ್ಮೆ ಹೊಸ ಜೊತೆ. “ಮೇಡಂ, ಒಂದ್ಸಲ ಶಿಕಾರಿಪುರ ಅನ್ನಿ” ಎಂದಳು. ನಾನು “ಥಿಕಾರಿಪುರ” ಎಂದೆ. ಅವಳು ಮಾಸ್ಕಿನ ಹಿಂದೆ ನಕ್ಕಳೋ ಇಲ್ಲವೋ ದೇವರಿಗೇ ಗೊತ್ತು. ಕಣ್ಣು ಮಾತ್ರ ಸಣ್ಣಗಾದವು.

ಮಾತು ನಾಲ್ಕು ದಿನದಲ್ಲಿ ಸರಿಹೋಯಿತು. ಸರಿಹೋಗದ್ದು ಬೇರೆ. ಊಟ ತಿಂಡಿಗೆ, ಹಲ್ಲುಜ್ಜುವುದಕ್ಕೆ ಇದನ್ನು ತೆಗೆಯಬೇಕು. ಮಿಕ್ಕಂತೆ ಇಡೀ ದಿನ ಹಾಕಿಕೊಂಡೇ ಇರಬೇಕು. ಹಾಕುವುದು ಕಷ್ಟವಿರಲಿಲ್ಲ. ತೆಗೆಯುವುದೆಂದರೆ, ಅಬ್ಬಾ! ಆ ಗುಬ್ಬಿಗಳಿಗೆ ಕವಚ ಕಚ್ಚಿಕೊಂಡರೆ ಉಡ ಹಿಡಿದಂತೆ. ಉಗುರು ಹಾಕಿ ನೋಡಿದೆ, ಉಗುರು ಮುರಿಯಿತು. ಅಶ್ವಿನಿ ಕೊಟ್ಟಿದ್ದ ಪ್ಲಾಸ್ಟಿಕ್ ಕೊಕ್ಕೆ ಬೆಂಕಿಪೊಟ್ಟಣದ ಕಡ್ಡಿಗಿಂತ ಸ್ವಲ್ಪ ದಪ್ಪ, ನನ್ನ ಎಂಜಲು ಬೆರಳಲ್ಲಿ ಜಾರಿ ಹೋಗಿ ವಸಡಿಗೆ ಚುಚ್ಚಿತು. ಕ್ರೋಶಾ ಕಡ್ಡಿ, ಹೇರ್‌ಪಿನ್ನು ಎಲ್ಲ ಆಯಿತು. ನಮ್ಮ ಮನೆಯವರು ಪಂಪ್‌ಸೆಟ್ ರಿಪೇರಿ ಮಾಡುವವರು. ನನ್ನ ಒದ್ದಾಟ ನೋಡಲಾರದೆ ಒಂದು ಬೆಳಗ್ಗೆ ಡಬ್ಬದಿಂದ ಮೂತಿ ಚೂಪಾದ ಇಕ್ಕಳ ತೆಗೆದುಕೊಂಡು ಬಂದರು. “ಗಿರಿಜಾ, ಬಾಯಿ ಅಗಲ ಮಾಡು. ಒಂದ್ ಜಗ್ಗು ಜಗ್ಗಿದ್ರ ಬರ್ತೈತಿ.”

“ಏನ್ರೀ ಬರೋದು? ಅಲೈನರೋ, ಹಲ್ಲೋ?”

“ಯಾವ್ದು ಬಂದ್ರೂ ತೊಂದ್ರಿ ತೀರ್ತಲ್ಲ!”

ಅವರನ್ನು ಹೊರಗೆ ಕಳಿಸಿ ಚಮಚದ ಹಿಡಿಯಿಂದ ನಾನೇ ಮೀಟಿದೆ. ಕವಚ ಬಂತು, ಆದರೆ ಎರಡು ಹೋಳಾಗಿ. ಅಶ್ವಿನಿ ಹೋಳುಗಳನ್ನು ಬೆಳಕಿಗೆ ಹಿಡಿದು ನೋಡಿ, ನಾನು ಹಿಂದೆ ಅವಳ ಕಾಪಿಪುಸ್ತಕ ನೋಡುತ್ತಿದ್ದ ಹಾಗೇ ಮುಖ ಮಾಡಿದಳು. “ಮೇಡಂ, ಹೊಸದು ತರಿಸ್ತೀನಿ. ಆದ್ರೆ ಇನ್ನೊಂದು ಸಲ ಹೀಗಾದ್ರೆ ಇದನ್ನು ಬಿಟ್ಟು ತಂತಿ ಕಟ್ಟೋದೇ ದಾರಿ. ಸುಮ್ನೆ ಬಿಡೋ ಹಾಗಂತೂ ಇಲ್ಲ. ವಸಡು ಹಿಂಗೇ ಇಳಿದ್ರೆ ಮುಂದಿನ ಎರಡು ಹಲ್ಲು ಉಳಿಯಲ್ಲ.” ಆಸೆಗೆ ಹೊರಟವಳಿಗೆ ಅಲ್ಲಿ ನಿಜವಾಗಿ ಭಯವಾಯಿತು. ಬಾಯಿತುಂಬ ತಂತಿ ಕಟ್ಟಿಕೊಂಡು ಎಂಟನೆಯ ತರಗತಿಯ ಮುಂದೆ ನಿಲ್ಲುವುದನ್ನು ನೆನೆದರೇ ಸಾಕಿತ್ತು. ಹಲ್ಲೇ ಇಲ್ಲದೆ ನಿಲ್ಲುವುದನ್ನು ನೆನೆಯುವ ಧೈರ್ಯ ಬರಲಿಲ್ಲ.

ಆ ಭಯದಲ್ಲಿ ಬೆಳಗ್ಗೆಯೊಮ್ಮೆ ಸಂಜೆಯೊಮ್ಮೆ ಮಾತ್ರ ತೆಗೆಯುವುದೆಂದು ವ್ರತ ಹಿಡಿದೆ. ಮಧ್ಯಾಹ್ನ ಬರೀ ನೀರು. ಹಾಗಿರುವಾಗಲೇ ಸೊರಬದಿಂದ ಕರೆ ಬಂತು. ನಮ್ಮ ಮನೆಯವರ ಅಕ್ಕ ಪಾರ್ವತಕ್ಕನ ಸೊಸೆಗೆ ಸೀಮಂತ. ಹೋಗದಿರಲು ಸಾಧ್ಯವೇ? ಎಲೆ ಹಾಕುವ ಹೊತ್ತಿಗೆ ಬಚ್ಚಲಿಗೆ ಹೋಗಿ ಹದಿನೈದು ನಿಮಿಷ ಹೆಣಗಿದೆ. ಕೆಳಗಿನದು ಬಂತು, ಮೇಲಿನದು ಜಪ್ಪಯ್ಯ ಅನ್ನಲಿಲ್ಲ. ಹೊರಗೆ ಬಂದು “ಹೊಟ್ಟೆ ಸರಿಯಿಲ್ಲ, ಊಟ ಬೇಡ” ಎಂದೆ. ಪಂಕ್ತಿಯ ತುದಿಯಲ್ಲಿದ್ದ ಅಜ್ಜಿಯೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಾಕ್ ಮಗ, ಬಾಯಿಗೆ ಸೇರ್ತಿಲ್ವಾ? ಏನಾರಾ ವಿಶೇಷನಾ?” ಎಂದು ಎಲ್ಲರಿಗೂ ಕೇಳುವಂತೆ ವಿಚಾರಿಸಿದರು. ಸೀಮಂತದ ಮನೆ ನೋಡಿ, ಅನುಮಾನ ಬಲು ಬೇಗ ಹಬ್ಬುತ್ತದೆ. ಹೋಳಿಗೆ ಬಡಿಸುತ್ತಿದ್ದ ನಮ್ಮ ಮನೆಯವರು ಕೈಯಲ್ಲಿ ತಟ್ಟೆ ಹಿಡಿದೇ ಕಂಬದ ಹಾಗೆ ನಿಂತುಬಿಟ್ಟರು.

ನಾನು ನಾಚಿಕೆಯಿಂದ ಹಿತ್ತಲಿಗೆ ಓಡಿದೆ. ಅಲ್ಲಿ ನಿಂತಿದ್ದ ಸ್ಕೂಟರಿನ ಕನ್ನಡಿಯಲ್ಲಿ ಬಾಯಿ ತೆರೆದುಕೊಂಡು ಮತ್ತೆ ಪ್ಲಾಸ್ಟಿಕ್ ಕೊಕ್ಕೆ ಹಾಕಿದೆ. “ಹಲ್ಲಲ್ಲಿ ಏನಾರೂ ಸಿಕ್ಕೈತೇನ್ರಿ ಟೀಚರಮ್ಮ?” ಎಂಬ ದನಿ ಕೇಳಿತು. ಕೈ ತೊಳೆಯಲು ಬಂದಿದ್ದ ಗಣಪತಣ್ಣ. ಪಾರ್ವತಕ್ಕನ ಪಕ್ಕದ ಮನೆಯವರು, ಗುಡಿಗಾರರು. ಮರದಲ್ಲಿ ಬಳ್ಳಿ, ಹಂಸ, ಆನೆ ಕೆತ್ತುವ ಕೈ. ಎಪ್ಪತ್ತು ದಾಟಿದವರ ಮುಂದೆ ಏನು ನಾಚಿಕೆಯೆಂದು ಎಲ್ಲ ಹೇಳಿಕೊಂಡೆ. ಅವರು ನಗಲಿಲ್ಲ. ಕೊಕ್ಕೆಯನ್ನು ತೊಳೆಸಿ ಇಸಿದುಕೊಂಡು ಬಹಳ ಹೊತ್ತು ತಿರುವಿ ನೋಡಿದರು.

“ಇದ್ರ ಮೂತಿ ತಪ್ಪಲ್ಲ, ಹಿಡಿ ತಪ್ಪು. ಎರಡು ಬೆರಳಲ್ಲಿ ಹಿಡಿಯೋ ಸಾಮಾನಿಗೆ ಕಸುವು ಎಲ್ಲಿಂದ ಬರ್ಬೇಕು? ನಮ್ಮ ಉಳಿ ನೋಡಿ, ಹಿಡಿ ಅಂಗೈಲಿ ಕೂರ್ತದೆ. ನಿಮ್ಮ ಹಳೇದೊಂದು ಕವಚ ಇದ್ರೆ ಕೊಡಿ.”

ಮುಗಿದುಹೋದ ಒಂದು ಜೊತೆ ಚೀಲದಲ್ಲೇ ಇತ್ತು, ಕೊಟ್ಟೆ. ಆ ದಿನ ಮೂರು ಲೋಟ ಮಜ್ಜಿಗೆ ಕುಡಿದು ಊರಿಗೆ ಮರಳಿದೆ. ಕವಚ ಬಿಟ್ಟದ್ದು ಸಂಜೆ, ಅದರಷ್ಟಕ್ಕೆ ಅದಕ್ಕೇ ಬೇಜಾರು ಬಂದ ಮೇಲೆ.

ಮುಂದಿನ ಭಾನುವಾರ ಹೋಗಿ ನೋಡಿದರೆ, ಗಣಪತಣ್ಣ ಕವಚದೊಳಗೆ ಮೆತ್ತಗಿನ ಮೇಣ ಒತ್ತಿ ನನ್ನ ಹಲ್ಲಿನ ಪಡಿಯಚ್ಚು ತೆಗೆದು, ಅದನ್ನು ನೋಡಿ ಮರದಲ್ಲಿ ನನ್ನ ಹಲ್ಲುಸಾಲನ್ನೇ ಕೆತ್ತಿಟ್ಟಿದ್ದರು. ಸೊಟ್ಟ, ಗುಬ್ಬಿ, ಸಂದಿ, ಒಂದನ್ನೂ ಬಿಟ್ಟಿರಲಿಲ್ಲ. “ಆನೆ ಸಲೀಸು ಟೀಚರಮ್ಮ, ನಿಮ್ ಹಲ್ಲು ಕಷ್ಟ” ಎಂದರು. ಆ ಮರದ ಹಲ್ಲಿಗೆ ಕವಚ ತೊಡಿಸಿ, ತೆಗೆದು, ಮೂರು ಮರದ ಕೊಕ್ಕೆ ಪರೀಕ್ಷೆ ಮಾಡಿದ್ದರು. ಮೊದಲನೆಯದರ ಹಿಡಿ ಬಾಯಿಗೆ ಅಡ್ಡ ಬರುತ್ತಿತ್ತು. ಎರಡನೆಯದರ ಮೂತಿ ಚೂಪು. ಮೂರನೆಯದರ ಹಿಡಿ ಕೋಳಿಮೊಟ್ಟೆಯ ಹಾಗೆ ಅಂಗೈ ತುಂಬುತ್ತಿತ್ತು, ಹೆಬ್ಬೆರಳಿಗೆ ಒಂದು ತಗ್ಗು ಬೇರೆ. ಇನ್ನೊಂದು ತುದಿಯಲ್ಲಿ ಕವಚವನ್ನು ಒತ್ತಿ ಕೂರಿಸಲು ನುಣ್ಣನೆಯ ಮೊಂಡು ಮೂತಿ.

ಅದನ್ನು ಅಶ್ವಿನಿಗೆ ತೋರಿಸಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಅಂಗೈಯಲ್ಲಿ ಹಿಡಿದು ತಿರುಗಿಸಿ, “ಹಿಡಿ ತುಂಬಾ ಚೆನ್ನಾಗಿದೆ ಮೇಡಂ. ಆದ್ರೆ ಮರ ಬಾಯೊಳಗೆ ಹೋಗ್ಬಾರದು, ಅದನ್ನು ಕುದಿಸೋಕಾಗಲ್ಲ” ಎಂದು, ತಾನು ಬಳಸದೆ ಬಿಟ್ಟಿದ್ದ ಎರಡು ಸ್ಟೀಲ್ ಕಡ್ಡಿ ಕೊಟ್ಟಳು. ಗಣಪತಣ್ಣ ಒಂದರ ತುದಿ ಬಗ್ಗಿಸಿ, ಇನ್ನೊಂದರದು ಚಪ್ಪಟೆ ಮಾಡಿ, ಎರಡನ್ನೂ ಗುಂಡಗೆ ಉಜ್ಜಿ, ತಿರುಪಿನಿಂದ ಬಿಚ್ಚಿ ಕುದಿಸುವ ಹಾಗೆ ಹಿಡಿಯ ಎರಡು ಕಡೆಗೆ ಕೂರಿಸಿದರು. ಮತ್ತೆ ಅಶ್ವಿನಿಯ ಕುರ್ಚಿ. “ಮುಂದಿನಿಂದ ಅಲ್ಲ ಮೇಡಂ. ಹಿಂದಿನ ದವಡೆ ಹಲ್ಲು, ಒಳಗಡೆ ಅಂಚು. ಹೊರಕ್ಕೆ ಎಳೀಬೇಡಿ, ಕೆಳಕ್ಕೆ ಇಳಿಸಿ.” ಅಂಚಿಗೆ ಕೊಕ್ಕೆ ಹಾಕಿ ಅಂಗೈ ಇಳಿಸಿದೆ. ಟಕ್! ಕವಚ ಇಡಿಯಾಗಿ ಕೈಗೆ ಬಂತು. ರಕ್ತವಿಲ್ಲ, ನೋವಿಲ್ಲ, ಬಿರುಕಿಲ್ಲ. ನನ್ನ ಕಣ್ಣಲ್ಲಿ ನೀರು ಬಂದದ್ದು ನೋಡಿ ಅಶ್ವಿನಿ “ಚುಚ್ಚಿತಾ ಮೇಡಂ?” ಎಂದು ಗಾಬರಿಯಾದಳು. ಇಲ್ಲವೆಂದು ತಲೆಯಾಡಿಸಿದೆ. ಅಂದು ಮಧ್ಯಾಹ್ನ ಮನೆಯಲ್ಲಿ ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ಅಷ್ಟು ನೆಮ್ಮದಿಯಿಂದ ನಾನು ಮದುವೆಯೂಟವನ್ನೂ ಉಂಡಿರಲಿಲ್ಲ.

ಇದಾಗಿ ಎರಡು ತಿಂಗಳಿಗೆ ಅಶ್ವಿನಿ ನನ್ನ ಬಾಯಿ ನೋಡಿ ಹುಬ್ಬು ಗಂಟಿಕ್ಕಿದಳು. ವಸಡು ಗಟ್ಟಿಯಾಗಿದೆಯಂತೆ, ಹಲ್ಲಿಗೆ ಭಯವಿಲ್ಲವಂತೆ. ಆದರೆ ಹಲ್ಲು ಲೆಕ್ಕದಂತೆ ಸರಿದಿಲ್ಲ. “ನಿಜ ಹೇಳಿ ಮೇಡಂ, ದಿನಕ್ಕೆ ಎಷ್ಟು ಸಲ ತೆಗೀತೀರಿ?”

ಹೇಳಿದೆ. ತೆಗೆಯಲು ಬಾರದಿದ್ದಾಗ ನಾನು ಸನ್ಯಾಸಿನಿಯ ಹಾಗಿದ್ದೆ. ಈಗ ಹತ್ತೂವರೆಗೆ ಮಂಡಕ್ಕಿ, ಹನ್ನೊಂದೂವರೆಗೆ ಸ್ಟಾಫ್ ರೂಮಿನಲ್ಲಿ ಯಾರೋ ತಂದ ಚಕ್ಕುಲಿ, ನಾಲ್ಕಕ್ಕೆ ಮಿರ್ಚಿ, ನಡುವೆ ಟಕ್ ಸದ್ದು ಕೇಳುವ ಖುಷಿಗೇ ಒಂದೆರಡು ಸಲ. ಅಶ್ವಿನಿ ಸಾವಧಾನವಾಗಿ, “ಆ ಸಾಮಾನು ಕೈಗೆ ಸಿಗದ ಕಡೆ ಇಡಿ” ಎಂದಳು. ಅಂದೇ ಅದನ್ನು ಬೀರುವಿನ ಮೇಲಿಟ್ಟೆ. ಕುರ್ಚಿ ಹತ್ತಿದರೇ ಸಿಗುವುದು, ನನಗೋ ಮಂಡಿನೋವು, ಇನ್ನು ಚಿಂತೆಯಿಲ್ಲ ಎಂದುಕೊಂಡೆ. ಒಂದು ವಾರವಾಯಿತು. ಹತ್ತಿ ಇಳಿದು ಹತ್ತಿ ಇಳಿದು ಮಂಡಿನೋವು ಎಷ್ಟೋ ವಾಸಿ.