ಎಡಬಾಗಿಲಿನ ಟಿಣ್‌ಕಟ

ಟಿಣ್-ಕಟ, ಟಿಣ್-ಕಟ. ಮೊಗ್ರಾಲಿನ ಅದ್ದುಚ್ಚನ ಹಳೆಯ ಅಂಬಾಸಿಡರ್ ಮೊದಲ ಸಲ ನಮ್ಮ ವರ್ಕ್‌ಶಾಪಿನ ಗೇಟು ದಾಟಿ ಬಂದಾಗ ಅದರ ಹಿಂದಿನ ಎಡಬಾಗಿಲು ಹೀಗೆ ಮಾತಾಡುತ್ತಿತ್ತು. ಈಗಲೂ ಊಟ ಮುಗಿಸಿ ಒರಗಿದರೆ ಕಿವಿಯಲ್ಲಿ ಅದೇ ಶಬ್ದ. ಒರಗಿದರೆ ಎಂದೆನೇ? ಸುಳ್ಳು. ನಾನು ಒರಗುವ ಜಾತಿಯವಳಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ನನಗೆ ಗ್ರಾಸ್‌ಹಾಪರ್ ಎಂದು ಹೆಸರಿಟ್ಟಿದ್ದರು. ಎಪ್ಪತ್ತು ದಾಟಿದರೂ ಆ ಹೆಸರಿನ ಮರ್ಯಾದೆ ಉಳಿಸಿಕೊಂಡು ಬಂದಿದ್ದೇನೆ. ಕುರ್ಚಿಯಲ್ಲಿ ಕೂತರೆ ಕಾಲು ಕುಣಿಯುತ್ತದೆ, ಕಾಲನ್ನು ಸುಮ್ಮನಿರಿಸಿದರೆ ಕೈ ಮೇಜಿನ ಮೇಲಿದ್ದದ್ದನ್ನು ಎತ್ತಿಕೊಂಡು ಆಡಿಸುತ್ತದೆ.

ಕುಂಬಳೆಗೆ ಹತ್ತಿರದ ಅನಂತಪುರದ ಇಂಡಸ್ಟ್ರಿಯಲ್ ಎಸ್ಟೇಟಿನ ಪಕ್ಕದಲ್ಲಿ ಹಳೆಯ ಕಾರುಗಳಿಗೆ ಮರುಜನ್ಮ ಕೊಡುವ ಈ ಶೆಡ್ಡನ್ನು ಶುರು ಮಾಡಿದ್ದು ನನ್ನ ಗಂಡ. ಕೆಲಸ ಮಾಡುವಾಗ ಅವರು ಸಿಳ್ಳೆ ಹಾಕುತ್ತಿದ್ದರು, ಅದೂ ಅಪಸ್ವರದಲ್ಲಿ. "ಪ್ಲೀಸ್, ಸ್ಟಾಪ್ ಇಟ್" ಎಂದು ನಾನು ಎಷ್ಟು ಸಲ ಹೇಳಿದ್ದೆನೋ. ಒಂದು ದಿನ ಅವರ ಉಸಿರಿನ ಜೊತೆಗೆ ಅದೂ ನಿಂತೇ ಹೋಯಿತು. ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆಗಿದ್ದ ನಾನು ಶೆಡ್ಡಿಗೆ ಬಂದು ಕೂತೆ. ಈಗ ಇಲ್ಲಿ ಕಾಲಿಡಲು ಜಾಗವಿಲ್ಲ. ಒಂದು ಕಾರಿನ ಬಾನೆಟ್ ಇನ್ನೊಂದರ ಹಿಂದಿನ ಸೀಟಿನಲ್ಲಿ ಮಲಗಿರುತ್ತದೆ. ಅಪ್ಪನ ಹಳೆಯ ಗಾಡಿ ಬಿಟ್ಟುಹೋದ ಮಗನೊಬ್ಬ ದುಬೈಯಿಂದ ಫೋನು ಮಾಡುತ್ತಾನೆ: "ಟೀಚರೆ, ಬಾಪನ ಜೀಪು ಎಂತಾಯ್ತು?" ಎಂಜಿನ್ನಿನ ವಿಷಯ ನನಗೆ ಹೆಚ್ಚು ತಿಳಿಯದು, ಆದರೆ ಕಿವಿ ಇದೆ. ಪ್ರತಿ ಕಾರಿನ ಬಾಗಿಲನ್ನೂ ಹಾಕಿ ತೆಗೆದು, ಹಿಂದಿನ ಸೀಟಿನಲ್ಲಿ ಕೂತು ಕುಂಬಳೆಯವರೆಗೆ ಹೋಗಿ ಬರುತ್ತೇನೆ. ಎಲ್ಲಾದರೂ ಕಿರ್ರೆಂದರೆ ಕಾರು ವಾಪಸ್ ಶೆಡ್ಡಿಗೆ. "ಗರ್ಲ್ಸ್, ಎ ಡೋರ್ ಈಸ್ ನಾಟ್ ಎ ಡ್ರಮ್" ಎಂದು ಸಿಸ್ಟರ್ ಕಲಿಸಿದ್ದನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದ ಶಿಷ್ಯೆ ಇನ್ನೊಬ್ಬಳಿರಲಾರಳು.

ಅದ್ದುಚ್ಚನ ಕಾರನ್ನೂ ಹಾಗೆಯೇ ಬೆಣ್ಣೆಯಂತೆ ಮಾಡಿ ಕಳಿಸಿದೆ. ಮರುದಿನ ಬೆಳಿಗ್ಗೆ ಕಾರೂ ಅದ್ದುಚ್ಚನೂ ಶೆಡ್ಡಿನ ಮುಂದೆ ಹಾಜರು.

"ಟೀಚರೆ, ನನ್ನ ಗಾಡಿಯ ಶಬ್ದ ಎಲ್ಲಿ?"

"ತೆಗೆದೆವು."

"ತೆಗೀಲಿಕ್ಕೆ ಹೇಳಿದ್ದು ಯಾರು ಮಾರಾಯ್ರೆ? ಈಗ ಬೀಫಾತು ಹತ್ತುವುದಿಲ್ಲ ಅಂತ ಕೂತಿದ್ದಾಳೆ!"

ಬೀಫಾತು ಅವರ ಹೆಂಡತಿ. ಎರಡೂ ಕಣ್ಣಿಗೆ ಪೊರೆ ಬಂದು ಎಲ್ಲವೂ ಮಬ್ಬು. ನಾಳೆಯೇ ಮಂಗಳೂರಿನಲ್ಲಿ ಆಪರೇಷನ್. ಆಕೆಗೆ ಮೊದಲೇ ಹೆದರಿಕೆ. ಹೋದರೆ ನಮ್ಮ ಕಾರಿನಲ್ಲೇ, ಇಲ್ಲದಿದ್ದರೆ ಕಣ್ಣೇ ಬೇಡ ಎಂಬ ಹಠ ಬೇರೆ. ಈಗ ಹೊಸ ಪೇಂಟು, ಹೊಸ ಸೀಟು, ಶಬ್ದವಂತೂ ಇಲ್ಲ. ಅದ್ದುಚ್ಚ ಹಳೆಯದನ್ನು ಮಾರಿ ಯಾರದೋ ಕಾರು ತಂದಿದ್ದಾರೆಂದು ಆಕೆಗೆ ಖಾತ್ರಿಯಾಗಿದೆ. ಜಗಳ ಬಂದಾಗಲೆಲ್ಲ "ಮಾರಿಬಿಡ್ತೇನೆ" ಎನ್ನುತ್ತಿದ್ದದ್ದು ಇವರೇ ಅಲ್ಲವೇ!

ಹೀಗೆ ನನ್ನ ವರ್ಕ್‌ಶಾಪಿನಲ್ಲಿ ಮೊದಲ ಬಾರಿಗೆ ಒಂದು ಕಟಕಟವನ್ನು ರಿಸ್ಟೋರ್ ಮಾಡುವ ಕೆಲಸ ಶುರುವಾಯಿತು. ಹೆಡ್ ಮೆಕ್ಯಾನಿಕ್ ಸಂಜೀವ ಬಾಗಿಲಿನ ಸ್ಕ್ರೂ ಸಡಿಲಿಸಿದ.

"ಇದು ಕಿರಕಿರ. ನಮ್ಮದು ಟಿಣ್‌ಕಟ" ಎಂದರು ಅದ್ದುಚ್ಚ.

ಸಂಜೀವ ಬೋಲ್ಟೊಂದನ್ನು ಒಳಗೆ ಹಾಕಿದ.

"ಇದು ಮೊಸರು ಕಡೆದ ಹಾಗೆ ಉಂಟು."

"ಅದ್ದುಚ್ಚ, ನಿಮಗೆ ಗ್ಯಾರೇಜ್ ಅಲ್ಲ, ಬ್ಯಾಂಡ್‌ಸೆಟ್ಟಿನವರು ಬೇಕು" ಎಂದು ಸಂಜೀವ ಸ್ಪ್ಯಾನರ್ ಕೆಳಗಿಟ್ಟ.

ಮಧ್ಯಾಹ್ನವಾಯಿತು. ನನಗೆ ಕೂತಲ್ಲಿ ಕೂರಲಾಗದು. ಮೇಜಿನ ಮೇಲಿನ ಬಿಲ್ಲುಗಳು ಹಾರದಂತೆ ಇಟ್ಟಿದ್ದ ಪೇಪರ್‌ವೇಟನ್ನು ಕೈಗೆತ್ತಿಕೊಂಡು ಅತ್ತಿಂದಿತ್ತ ನಡೆಯುತ್ತ ಅಲ್ಲಾಡಿಸಿದೆ.

ಟಿಣ್-ಕಟ.

ಅದ್ದುಚ್ಚ ಸ್ಟೂಲಿನಿಂದ ನೆಗೆದರು. "ಅದೇ! ಅದು ನಿಮಗೆ ಎಲ್ಲಿ ಸಿಕ್ಕಿತು?"

ಅದೊಂದು ಪುಟ್ಟ ಹಿತ್ತಾಳೆಯ ಸುಣ್ಣದ ಡಬ್ಬಿ. ತಿಂಗಳುಗಳ ಹಿಂದೆ ಬಾಗಿಲು ಬಿಚ್ಚಿದಾಗ ಒಳಗೆ ಸಿಕ್ಕಿದ್ದನ್ನು ಸಂಜೀವ ನನ್ನ ಮೇಜಿನ ಮೇಲೆ ತಂದಿಟ್ಟು ಮರೆತೇಬಿಟ್ಟಿದ್ದ. ಹೌ ಕ್ಯೂಟ್ ಎಂದು ನಾನದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಇಟ್ಟುಕೊಂಡಿದ್ದೆ. ಒಳಗೆ ಕಲ್ಲಾದ ಸುಣ್ಣದ ಉಂಡೆ. ಬೀಫಾತು ಎಲೆಯಡಿಕೆ ಹಾಕುವಾಗ ಕಿಟಕಿಯ ಸಂದಿನಿಂದ ಬಾಗಿಲೊಳಗೆ ಜಾರಿರಬೇಕು.

"ಸದ್ಯ! ಕೊಂಡುಹೋಗಿ ಅವರ ಕೈಗೇ ಕೊಡಿ. ಕಾರು ನಿಮ್ಮದೇ ಅಂತ ಪ್ರೂಫ್ ಆಯ್ತಲ್ಲ" ಎಂದೆ.

ಅದ್ದುಚ್ಚನ ಮುಖ ಬಿಳಿಚಿತು. "ಬೇಡ ಟೀಚರೆ! ಇದನ್ನು ಕದ್ದದ್ದು ನನ್ನ ತಂಗಿ ಅಂತ ಬೀಫಾತು ಊರಿಡೀ ಹೇಳಿದ್ದಾಳೆ. ಅವರಿಬ್ಬರು ಮಾತು ಬಿಟ್ಟು ಎಷ್ಟು ಕಾಲ ಆಯ್ತು! ಈಗ ಇದು ನನ್ನ ಗಾಡಿಯಲ್ಲಿ ಸಿಕ್ಕಿದರೆ ಇಬ್ಬರೂ ಒಟ್ಟಾಗಿ ನನ್ನ ಮೇಲೆ ಬೀಳ್ತಾರೆ. ಒಳಗೇ ಹಾಕಿ, ಬೇಗ ಹಾಕಿ!"

ಹಾಕಿದೆವು. ಸಾಕ್ಷಿಗೆಂದು ನನ್ನನ್ನೂ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಟಿಣ್‌ಕಟದ ಪಕ್ಕದಲ್ಲೇ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಹೆದ್ದಾರಿ ಬಿಟ್ಟು ಓಣಿಗೆ ತಿರುಗಿದ್ದೇ ತಡ, ದೂರದಲ್ಲಿ ಗೇಟು ತೆರೆಯಿತು. ಬೀಫಾತು ಗೇಟಿನ ಸರಳು ಹಿಡಿದುಕೊಂಡು, ನಾವಿದ್ದ ಕಡೆಗೆ ಸರಿಯಾಗಿ ಮುಖ ಮಾಡಿ ನಿಂತಿದ್ದರು.

"ನಮ್ಮದೇ" ಎಂದು ಬಾಗಿಲು ಸವರಿದರು. ಆಮೇಲೆ, "ಟೀಚರ್ ಬಂದಿದ್ದಾರಾ? ಒಂದು ಮಾತು ಕೇಳ್ತೇನೆ, ಬೇಜಾರು ಮಾಡಬೇಡಿ. ಇಷ್ಟು ತಿಂಗಳು ಇಟ್ಟುಕೊಂಡು ಎಂತ ರಿಪೇರಿ ಮಾಡಿದ್ದು ನೀವು? ಬಾಗಿಲಿನ ಶಬ್ದ ಹಾಗೇ ಉಂಟಲ್ಲ!"

ನಾನು ಬಾಯಿ ತೆರೆದೆ. ಕನ್ನಡಿಯಲ್ಲಿ ಅದ್ದುಚ್ಚನ ಕಣ್ಣು ಕೈಮುಗಿಯುತ್ತಿತ್ತು. ಬಾಯಿ ಮುಚ್ಚಿಕೊಂಡೆ.

ಆಪರೇಷನ್ ಚೆನ್ನಾಗಿ ಆಯಿತಂತೆ. ಈಗ ಅವರಿಗೆ ದೂರದ್ದೂ ಕಾಣುತ್ತದಂತೆ. ಕಂಡರೆ ಮತ್ತೆ ಆ ರಿಪೇರಿಯ ಮಾತೆತ್ತಿಯಾರೆಂದು ನಾನು ಮೊಗ್ರಾಲ್ ದಾಟುವಾಗ ಬಸ್ಸಿನಲ್ಲಿ ತಲೆ ತಗ್ಗಿಸಿ ಕೂರುತ್ತೇನೆ. ಅವರನ್ನು ಕೊನೆಯದಾಗಿ ನೋಡಿದ್ದು ಆಪರೇಷನ್ನಿನ ದಿನ ಬೆಳಿಗ್ಗೆ. ಕಾರು ಬೇಕೆಂದೇ ಸುತ್ತು ಬಳಸಿ ನಮ್ಮ ಶೆಡ್ಡಿನ ಮುಂದೆ ಹಾದುಹೋಯಿತು. ಹಿಂದಿನ ಸೀಟಿನಲ್ಲಿ ಬೀಫಾತು ಕಿಟಕಿಗೆ ಮೊಣಕೈಯೂರಿ, ಬಾಯ್ತುಂಬ ಎಲೆಯಡಿಕೆ ತುಂಬಿಕೊಂಡು ರಾಣಿಯ ಹಾಗೆ ಕೂತಿದ್ದರು. ಟಿಣ್-ಕಟ, ಟಿಣ್-ಕಟ. ಆ ಶಬ್ದ ಅಳಿಸಿಹೋಗುವವರೆಗೂ ನಾನು ಗೇಟಿನಲ್ಲಿ ನಿಂತೇ ಇದ್ದೆನಂತೆ, ಅಲ್ಲಾಡದೆ. ಗಾಬರಿಯಾದ ಸಂಜೀವ ನೀರು ತಂದು ಕೊಟ್ಟ.